ಅಜ್ಜಯ್ಯನ ಪದ, ಪಿನ್ನಿನ ಮೇಲಿನ ಕಪ್ಪು ಗೆರೆ

ನನ್ನ ಹಾರ್ಡ್ ಡಿಸ್ಕಲ್ಲಿ 52 ನಿಮಿಷದ ಒಂದು ಆಡಿಯೋ ಫೈಲ್ ಇದೆ. ಹೆಡ್‌ಫೋನ್ ಹಾಕ್ಕೊಂಡು ಪ್ಲೇ ಮಾಡಿದ್ರೆ ಮೊದಲು ಕೇಳೋದು ಲ್ಯಾಪ್‌ಟಾಪಿನ ಫ್ಯಾನು, ಸುಯ್ಯ್ ಅಂತ, ಆಮೇಲೆ ನಾನೇ ಕೀಬೋರ್ಡ್ ಮೇಲೆ ಎಂತದೋ ಒತ್ತಿದ್ದು, ಟಕ್ ಟಕ್, ಅದರ ಹಿಂದೆ ಎಲ್ಲೋ ಆಚೆಮನೆಯಲ್ಲಿ ಯಾರೋ ಹಾಡ್ತಿದಾರೇನೋ ಅನ್ನೋ ಹಾಗೆ ನಮ್ಮ ಅಜ್ಜಯ್ಯನ ದನಿ. ಅವರು ಕೂತಿದ್ದು ನನ್ನ ಎದುರಿಗೇ, ಐದಾರು ಅಡಿ ದೂರದಲ್ಲಿ. ಅವರ ಅಂಗಿಯ ಎರಡನೇ ಗುಂಡಿ ಹತ್ರ ನಾನೇ ಕೈಯಾರೆ ಸಿಕ್ಕಿಸಿದ ಕಾಲರ್ ಮೈಕ್ ಇತ್ತು, ಬಾಯಿಂದ ಒಂದು ಗೇಣು ದೂರಕ್ಕೆ. ಮೈಕಿನ ವೈರು ಜಗಲಿ ದಾಟಿ ಬಂದು ಲ್ಯಾಪ್‌ಟಾಪಿನ ತೂತಲ್ಲಿ ಗಟ್ಟಿಯಾಗಿ ಕೂತಿತ್ತು. ಆದ್ರೂ ಆ 52 ನಿಮಿಷದಲ್ಲಿ ಒಂದೇ ಒಂದು ಕ್ಷಣ ಕೂಡ ಕಂಪ್ಯೂಟರು ಆ ಮೈಕನ್ನ ಕೇಳಿಸ್ಕೊಂಡಿಲ್ಲ, ಅಷ್ಟೂ ಹೊತ್ತು ಅದು ತನ್ನ ಹೊಟ್ಟೆಯೊಳಗಿರೋ ಮೈಕಿಂದಲೇ ರೆಕಾರ್ಡ್ ಮಾಡ್ಕೊಂಡಿದೆ.

ಇದು ನನ್ನನ್ನ ಬಹಳ ದಿನ ಕಾಡಿದೆ. ಇಂಥ ಕೆಲಸಕ್ಕೆ ಕೈ ಹಾಕಿದ ಎಷ್ಟೋ ಜನಕ್ಕೆ ಇದೇ ಆಗಿದೆ ಅಂತ ಆಮೇಲೆ ಗೊತ್ತಾಯ್ತು, ಹಂಗಾಗಿ ಸ್ವಲ್ಪ ಕೂತು ಬರೀತಿದೀನಿ.

ಜಗಲಿ ಮೇಲೆ ಆ ರಾತ್ರಿ

ಅಜ್ಜಯ್ಯ ಅಂದ್ರೆ ನನ್ನ ಅಮ್ಮನ ಸೋದರಮಾವ, ಹೊಸನಗರದ ಕಡೆ ಅವರ ಮನೆ. ಅಂಟಿಗೆ ಪಿಂಟಿಗೆಯಲ್ಲಿ ಪದ ಹೇಳೋರು. ದೀಪಾವಳಿ ರಾತ್ರಿ ದೀಪ ಹಿಡ್ಕೊಂಡು ಮನೆಮನೆಗೆ ಬರೋ ಆ ತಂಡದ ಬಗ್ಗೆ ನಮ್ಮ ಕಡೆಯವರಿಗೆ ಹೊಸದಾಗಿ ಹೇಳೋದು ಬೇಡ, ಎಣ್ಣೆ ಹೊಯ್ದು ಕಳಿಸಿದ ನೆನಪು ಎಲ್ಲರಿಗೂ ಇರುತ್ತೆ. ಅಜ್ಜಯ್ಯಂಗೆ ಈಗ ಕತ್ತಲಲ್ಲಿ ಗದ್ದೆ ಬದು ಹತ್ತಿ ಇಳಿದು ಓಡಾಡೋಕೆ ಮಂಡಿ ಬಿಡಲ್ಲ. ಆದ್ರೆ ಪದ ಎಲ್ಲ ತಲೆಯೊಳಗಿದೆ. ಬಾಗಿಲು ತೆಗೆಸೋ ಪದ, ದೀಪಕ್ಕೆ ಎಣ್ಣೆ ಕೇಳೋ ಪದ, ಬಲೀಂದ್ರನದ್ದು, ಹರಸೋದು, ಹೀಗೆ ಒಂದಕ್ಕೊಂದು ಕೊಂಡಿ ಹಾಕ್ಕೊಂಡು ಬೆಳಗಿನ ಜಾವದವರೆಗೂ ಹೋಗುತ್ತೆ. ಇವರು ಎತ್ತಿಕೊಟ್ಟಿದ್ದನ್ನ ಇನ್ನೊಬ್ರು ತಿರುಗಿ ಹೇಳ್ಬೇಕು, ಅದಕ್ಕೆ ಆಚೆಕೇರಿಯ ಅವರ ಜೊತೆಗಾರರೊಬ್ಬರು ಇದ್ರು, ಮೂವತ್ತು ನಲವತ್ತು ವರ್ಷದ ಜೊತೆ.

ಅಡಿಕೆ ಸುಲಿಯೋ ಕಾಲ. ಹಿಂದ್ಗಡೆ ಒಲೆ ಮೇಲೆ ಅಡಿಕೆ ಬೇಯ್ತಾ ಇತ್ತು, ಚೊಗರಿನ ವಾಸನೆ ಜಗಲಿವರೆಗೂ. ನಾನು ಶಿವಮೊಗ್ಗದಿಂದ ಶನಿವಾರ ಸಂಜೆ ಬಸ್ಸಿಗೆ ಹೋಗಿದ್ದೆ, ಬ್ಯಾಗಲ್ಲಿ ಲ್ಯಾಪ್‌ಟಾಪು, ಹೊಸ ಕಾಲರ್ ಮೈಕು. ಅಜ್ಜಯ್ಯ ಎಲೆ ಅಡಿಕೆ ಉಗಿದು ಬಾಯಿ ತೊಳ್ಕೊಂಡು ಬಂದು ಕೂತ್ರು, ಜೊತೆಗಾರರು ಪಕ್ಕದಲ್ಲಿ. ನಾನು ಮೈಕ್ ಸಿಕ್ಕಿಸ್ತಿದ್ದಾಗ ಅಜ್ಜಯ್ಯ ಅದನ್ನ ಎರಡು ಬೆರಳಲ್ಲಿ ಹಿಡಿದು ನೋಡಿ, "ಇಷ್ಟು ಸಣ್ಣದನಾ ತಮ್ಮಾ? ಭದ್ರಾವತಿ ರೇಡಿಯೋದಲ್ಲಿ ಹಿಂಗೆ ಇರ್ಲಿಲ್ಲ" ಅಂದ್ರು. ಅವರು ಹಿಂದೊಂದು ಸಲ ತಂಡದ ಜೊತೆ ಆಕಾಶವಾಣಿಗೆ ಹೋಗಿ ಹೇಳಿ ಬಂದಿದ್ರು. ಅಲ್ಲಿ ಗಾಜಿನ ಆಚೆ ಒಬ್ರು ಕಿವಿಗೆ ಹಾಕ್ಕೊಂಡು ಕೂತಿದ್ರಂತೆ, ಅವರು ಬೆರಳೆತ್ತಿದ ಮೇಲೇ ಇವರು ಶುರು ಮಾಡಬೇಕಿತ್ತಂತೆ. ಇಷ್ಟು ಹೇಳಿ ನನ್ನ ಕಿವಿ ನೋಡಿ ಕೇಳಿದ್ರು, "ನೀ ಎಂತಕ್ಕೆ ಕಿವಿಗೆ ಹಾಕ್ಕಂಬಲ್ಲ?"

ಲ್ಯಾಪ್‌ಟಾಪಲ್ಲಿ ಇರೋದು ಒಂದೇ ತೂತು, ಅದರಲ್ಲಿ ಮೈಕ್ ಕೂತಿದೆ, ಇನ್ನು ಹೆಡ್‌ಫೋನ್ ಎಲ್ಲಿಗೆ ಹಾಕ್ಲಿ ಅಜ್ಜಯ್ಯ ಅಂದೆ. ಅವರು ಹೂಂ ಅಂದು ಸುಮ್ನಾದ್ರು. ನಾನು ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆಗೆದು ಕೆಂಪು ಬಟನ್ ಒತ್ತಿದೆ, ಅವರು ಕೆಮ್ಮಿದಾಗ ಪರದೆ ಮೇಲೆ ನೀಲಿ ಅಲೆ ಎದ್ದಿತು. ಅಲೆ ಬಂತಲ್ಲ, ಸರಿಯಾಗಿದೆ ಅಂದ್ಕೊಂಡೆ. ಆ ಅಲೆ ಯಾವ ಮೈಕಿಂದ ಬಂತು ಅನ್ನೋ ಪ್ರಶ್ನೆ ನನ್ನ ತಲೆಗೇ ಬರ್ಲಿಲ್ಲ.

ಅವತ್ತು ಅವರು ಹೇಳಿದ್ದು ಹೆಂಗಿತ್ತು ಅಂದ್ರೆ, ಅಡಿಕೆ ಸುಲೀತಿದ್ದ ಹೆಂಗಸರು ಮೆಟ್ಟುಗತ್ತಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ರು. ಒಬ್ರ ಉಸಿರು ಮುಗಿಯೋ ಜಾಗದಲ್ಲಿ ಇನ್ನೊಬ್ರು ಹಿಡ್ಕೊಳ್ತಾರೆ, ಎಲ್ಲೂ ಸಂದು ಕಾಣಲ್ಲ. 52 ನಿಮಿಷ. ಮಾರನೇ ದಿನ ಶಿವಮೊಗ್ಗದ ರೂಮಲ್ಲಿ ಕೂತು ಕೇಳಿದಾಗಲೇ ನಂಗೆ ಗೊತ್ತಾಗಿದ್ದು.

ಗೆರೆ ಎಣಿಸೋದು

ಯಾಕೆ ಹಿಂಗಾಯ್ತು ಅಂತ ತಿಳ್ಕೊಳ್ಳೋಕೆ ನಂಗೆ ಎರಡು ವಾರ ಹಿಡೀತು, ವಿಷಯ ನೋಡಿದ್ರೆ ಪಿನ್ನಿನ ತುದಿಯಲ್ಲೇ ಇತ್ತು. ನಿಮ್ಮ ಮೈಕಿನ ಪಿನ್ನನ್ನ ಬೆಳಕಿಗೆ ಹಿಡಿದು ನೋಡಿ. ಹೊಳೆಯೋ ಲೋಹದ ಮೇಲೆ ಸಣ್ಣ ಕಪ್ಪು ಗೆರೆಗಳು ಸುತ್ತ ಇರ್ತವೆ. ಎರಡು ಗೆರೆ ಇದ್ರೆ ಲೋಹ ಮೂರು ತುಂಡಾಗಿದೆ ಅಂತ ಅರ್ಥ, ಮೂರು ಗೆರೆ ಇದ್ರೆ ನಾಲ್ಕು ತುಂಡು. ಮೂರು ತುಂಡಿನದಕ್ಕೆ ಟಿಆರ್‌ಎಸ್ ಅಂತಾರೆ, ನಾಲ್ಕರದ್ದಕ್ಕೆ ಟಿಆರ್‌ಆರ್‌ಎಸ್. ಎರಡೂ 3.5 ಮಿಲಿಮೀಟರೇ, ಎರಡೂ ಒಂದೇ ತೂತಿಗೆ ಸಲೀಸಾಗಿ ಇಳೀತವೆ, ಟಕ್ ಅಂತ ಕೂರೋ ಸದ್ದೂ ಒಂದೇ.

ಹಳೇ ಡೆಸ್ಕ್‌ಟಾಪುಗಳಲ್ಲಿ ಈ ತೊಂದ್ರೆ ಇರ್ಲಿಲ್ಲ, ಗುಲಾಬಿ ತೂತು ಮೈಕಿಗೆ, ಹಸಿರು ತೂತು ಸ್ಪೀಕರಿಗೆ, ಮಕ್ಕಳಿಗೂ ಗೊತ್ತಾಗ್ತಿತ್ತು. ಲ್ಯಾಪ್‌ಟಾಪು ತೆಳ್ಳಗಾಗ್ತಾ ಬಂದ ಹಾಗೆ ಎರಡನ್ನೂ ಸೇರಿಸಿ ಒಂದೇ ತೂತು ಮಾಡಿದ್ರು, ಮೊಬೈಲಿನ ಹೆಡ್‌ಸೆಟ್ ಇರುತ್ತಲ್ಲ ಹಾಗೆ. ಆ ತೂತಿನ ಲೆಕ್ಕದಲ್ಲಿ ಪಿನ್ನಿನ ತುದಿ ಎಡಗಿವಿಗೆ, ಅದರ ಹಿಂದಿನ ತುಂಡು ಬಲಗಿವಿಗೆ, ಮೂರನೇದು ಗ್ರೌಂಡ್, ಅಂದ್ರೆ ಕರೆಂಟು ವಾಪಸ್ ಹೋಗೋ ದಾರಿ, ಬುಡದ ನಾಲ್ಕನೇ ತುಂಡು ಮೈಕಿಗೆ. ನನ್ನ ಕಾಲರ್ ಮೈಕ್ ಕ್ಯಾಮೆರಾಗೆ ಅಂತ ಮಾಡಿದ್ದು, ಎರಡು ಗೆರೆಯದ್ದು. ಅದು ತನ್ನ ದನಿ ಕಳಿಸೋದು ತುದಿಯಿಂದ, ಅಲ್ಲಿ ಲ್ಯಾಪ್‌ಟಾಪು ಇಟ್ಟಿರೋದು ಹೆಡ್‌ಫೋನಿಗೆ ಹಾಡು ಕಳಿಸೋ ದಾರಿ. ಇನ್ನು ಮೈಕಿನ ದನಿಗೆ ಲ್ಯಾಪ್‌ಟಾಪು ಕಾಯ್ತಾ ಇರೋ ಬುಡದ ಜಾಗದಲ್ಲಿ ಬರೀ ಗ್ರೌಂಡ್ ತಾಗ್ತಾ ಇದೆ. ಹಂಗಾಗಿ ಕಂಪ್ಯೂಟರು ಯಾರೋ ಮೈಕಿಲ್ಲದ ಬರೀ ಹೆಡ್‌ಫೋನ್ ಹಾಕಿದಾರೆ ಅಂದ್ಕೊಂಡು, ತನ್ನ ಒಳಗಿನ ಮೈಕನ್ನೇ ಇಟ್ಕೊಂಡು ಮುಂದುವರೀತು. ಅದು ಅದರ ಪ್ರಕಾರ ಸರಿಯಾಗೇ ಮಾಡಿದೆ.

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ವೈ ಆಕಾರದ ಒಂದು ಸಣ್ಣ ಕೇಬಲ್ ಸಿಕ್ತು, ಒಂದು ತುದಿಯಲ್ಲಿ ಮೂರು ಗೆರೆಯ ಪಿನ್ನು, ಇನ್ನೊಂದು ಕಡೆ ಮೈಕಿಗೊಂದು ಹೆಡ್‌ಫೋನಿಗೊಂದು ತೂತು. ಅಂಗಡಿ ಹುಡುಗ ಅದನ್ನ ಕೊಡುವಾಗ ಎರಡು ತೂತಿನ ಪಕ್ಕದ ಚಿತ್ರ ತೋರಿಸಿ, "ಸಾರ್, ಒಂದೇ ಥರ ಕಾಣೋ ಇನ್ನೊಂದಿದೆ, ಅದರಲ್ಲಿ ಎರಡೂ ಹೆಡ್‌ಫೋನೇ, ಇಬ್ರು ಹಾಡು ಕೇಳೋಕೆ, ಅದನ್ನ ತಗೊಂಡು ಹೋಗಿ ವಾಪಸ್ ತರ್ತಾರೆ ಜನ" ಅಂದ. ಅವನ ಆ ಒಂದು ಮಾತಿಂದ ನಂಗೆ ಇನ್ನೊಂದು ವಾರ ಉಳೀತು. ಇದಲ್ದೆ ಯುಎಸ್‌ಬಿಗೆ ಹಾಕೋ ಪುಟ್ಟ ಸೌಂಡ್ ಕಾರ್ಡ್ ಕೂಡ ಬರುತ್ತೆ, ಗುಲಾಬಿ ತೂತು ಬೇರೆ ಇರೋದು, ಅದಾದ್ರೆ ಕಂಪ್ಯೂಟರಲ್ಲಿ ಬೇರೆ ಹೆಸರಲ್ಲೇ ಕಾಣುತ್ತೆ, ಗೊಂದಲ ಕಮ್ಮಿ. ನಾನು ಆಮೇಲೆ ಅದನ್ನೂ ತಗೊಂಡೆ.

ಇಲ್ಲೊಂದು ಮಾತು ಹೇಳ್ಬೇಕು. ಕೆಲವರು ಊರಲ್ಲಿ ಮೈಕ್ ಸೆಟ್ಟಿನವರ ಹತ್ರ ಇರೋ ಕೈಯಲ್ಲಿ ಹಿಡ್ಕೊಳ್ಳೋ ದೊಡ್ಡ ಮೈಕನ್ನೇ ತಂದು ಪಿನ್ ಬದಲಾಯಿಸಿ ಲ್ಯಾಪ್‌ಟಾಪಿಗೆ ಹಾಕ್ತಾರೆ, ಸೌಂಡೇ ಬರಲ್ಲ ಅಂತ ಬೇಜಾರು ಮಾಡ್ಕೊಳ್ತಾರೆ. ಯಕ್ಷಗಾನಕ್ಕೆ ಅಷ್ಟು ದೊಡ್ಡ ದನಿ ಕೊಡೋ ಮೈಕು ಇಲ್ಯಾಕೆ ಸುಮ್ನಿದೆ ಅಂತ. ಅದು ಡೈನಾಮಿಕ್ ಮೈಕು, ಅದರೊಳಗಿಂದ ಹೊರಡೋದು ಕೆಲವೇ ಮಿಲಿವೋಲ್ಟ್, ಅದನ್ನ ಎತ್ತಿ ನಿಲ್ಲಿಸೋ ಕೆಲಸ ಆ ಸೆಟ್ಟಿನ ಆಂಪ್ಲಿಫೈಯರ್ ಮಾಡ್ತಾ ಇರುತ್ತೆ. ಸ್ಟುಡಿಯೋದ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಬೇರೆ ಕೊಡ್ಬೇಕು, ಅದಕ್ಕೆ ಇಂಟರ್‌ಫೇಸ್ ಅನ್ನೋ ಪೆಟ್ಟಿಗೆ ಬೇಕೇ ಬೇಕು. ನಮ್ಮ ಕಾಲರ್ ಮೈಕು ಎಲೆಕ್ಟ್ರೆಟ್ ಜಾತಿದು, ಒಳಗಿನ ಒಂದು ಹಾಳೆಯಲ್ಲಿ ವಿದ್ಯುತ್ತು ಕಾಯಂ ಕೂತಿರುತ್ತೆ, ತೂತಿಂದ ಬರೋ ಎರಡು ಮೂರು ವೋಲ್ಟಲ್ಲೇ ಅದರ ಕೆಲಸ ನಡೆಯುತ್ತೆ. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಗೆರ್ಹಾರ್ಡ್ ಸೆಸ್ಲರ್, ಜೇಮ್ಸ್ ವೆಸ್ಟ್ ಅನ್ನೋ ಇಬ್ಬರು ಇದನ್ನ ಕಂಡುಹಿಡಿದಿದ್ದು. ಅವರಿಂದಾಗಿ ಇವತ್ತು ಕೆಲವು ನೂರು ರೂಪಾಯಿಗೆ ಅಜ್ಜಯ್ಯನ ಅಂಗಿಗೆ ಸಿಕ್ಕಿಸೋಕೆ ಒಂದು ಮೈಕು ಸಿಗ್ತಾ ಇದೆ, ನಂಗೆ ಆ ಇಬ್ಬರ ಮೇಲೆ ನಿಜವಾಗ್ಲೂ ಪ್ರೀತಿ ಇದೆ.

ಈಗ ನಾನು ಮಾಡೋ ಮೊದಲ ಕೆಲಸ ಏನಂದ್ರೆ, ರೆಕಾರ್ಡ್ ಒತ್ತಿ ಮೈಕಿನ ತಲೆ ಮೇಲಿನ ಸ್ಪಂಜನ್ನ ಉಗುರಿಂದ ಮೆಲ್ಲಗೆ ಕೆರೆಯೋದು. ಪರದೆ ಮೇಲಿನ ಗೆರೆ ಜೋರಾಗಿ ಎಗರಬೇಕು. ಆಮೇಲೆ ಲ್ಯಾಪ್‌ಟಾಪಿನ ಮೈಯನ್ನ ಕೆರೀತೀನಿ, ಆಗ ಅದು ಸುಮ್ನಿರಬೇಕು. ಲ್ಯಾಪ್‌ಟಾಪ್ ಕೆರೆದಾಗ ಎಗರಿದ್ರೆ ಒಳಗಿನ ಮೈಕು ಇನ್ನೂ ಕುರ್ಚಿ ಬಿಟ್ಟಿಲ್ಲ ಅಂತ. ವಿಂಡೋಸಲ್ಲಿ ಸೌಂಡ್ ಸೆಟ್ಟಿಂಗಿಗೆ ಹೋಗಿ ಇನ್‌ಪುಟ್ ಯಾವುದು ಅಂತ ನೋಡೋದು, ಆಡಾಸಿಟಿ ತೆರೆದ ಮೇಲೆ ಮೈಕ್ ಹಾಕಿದ್ರೆ ಅದಕ್ಕೆ ಗೊತ್ತಾಗಲ್ಲ, ಮತ್ತೆ ಹುಡುಕು ಅಂತ ರೀಸ್ಕ್ಯಾನ್ ಕೊಡ್ಬೇಕು, ಇದೆಲ್ಲ ಇದ್ದಿದ್ದೇ. ಆದ್ರೆ ಹೆಸರು ಓದಿ ನಂಬೋದಕ್ಕಿಂತ ಉಗುರು ನಂಬೋದು ಒಳ್ಳೇದು ಅನ್ನೋದು ನನ್ನ ಅನುಭವ. ಇನ್ನೊಂದು, ಮೀಟಿಂಗಿಗೆ ಅನುಕೂಲ ಆಗ್ಲಿ ಅಂತ ಹಾಕಿರೋ, ಹಿಂದಿನ ಸದ್ದು ಅಡಗಿಸೋ ನಾಯ್ಸ್ ಸಪ್ರೆಷನ್ ಇರುತ್ತಲ್ಲ, ಅದನ್ನ ಮರೀದೆ ಆಫ್ ಮಾಡಿ. ಅದು ಮಾತಿಗೆ ಮಾಡಿದ್ದು. ಅಜ್ಜಯ್ಯ ಒಂದು ಸ್ವರವನ್ನ ಹತ್ತು ಎಣಿಸೋವರೆಗೆ ಎಳೆದ್ರೆ ಅದಕ್ಕೆ ಅದು ಫ್ಯಾನಿನ ಸದ್ದು ಅಂತ ಕಂಡು ನಿಧಾನಕ್ಕೆ ತಿಂದು ಹಾಕುತ್ತೆ. ಎಳೆತ ಇಲ್ದಿದ್ರೆ ಆ ಪದದಲ್ಲಿ ಉಳಿಯೋದೇನು.

ಕರೆಂಟು ಹೋದಾಗ

ಎರಡನೇ ಸಲ ಹೋಗೋಕೆ ಆಗಿದ್ದು ಮಳೆಗಾಲದಲ್ಲಿ. ಆಗ ನಂಗೆ ಹೆಡ್‌ಫೋನ್ ಹಾಕೋಕೆ ಜಾಗ ಇತ್ತು. ಅಜ್ಜಯ್ಯ ನೋಡಿ, "ಈಗ ರೇಡಿಯೋದವರ ಥರ ಆತು ನೋಡು" ಅಂದ್ರು, ಅವರಿಗೆ ಅಷ್ಟಕ್ಕೇ ಸಮಾಧಾನ.

ಜಗಲಿಯಲ್ಲಿ ಆಗ್ತಿರ್ಲಿಲ್ಲ, ಹಂಚಿನ ಮೇಲೆ ಮಳೆ, ಅಂಗಳದ ತಗಡಿನ ಮೇಲೆ ಅದಕ್ಕಿಂತ ಜೋರು. ಉಪ್ಪರಿಗೆಗೆ ಹೋದ್ವಿ. ಅಲ್ಲಿ ಒಂದು ಮೂಲೆ ತುಂಬ ಅಡಿಕೆ ಮೂಟೆ ಒಟ್ಟಿದ್ರು, ಗೋಣಿಚೀಲ, ಹಾಸಿಗೆ ಸುರುಳಿ, ಹಗ್ಗದ ಮೇಲೆ ಎರಡು ಕರಿ ಕಂಬಳಿ. ದನಿ ರೆಕಾರ್ಡ್ ಮಾಡೋಕೆ ಇದಕ್ಕಿಂತ ಒಳ್ಳೇ ಕೋಣೆ ದುಡ್ಡು ಕೊಟ್ರೂ ಸಿಗಲ್ಲ. ಗಾರೆ ಗೋಡೆಯ ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬಂದು ಮಾತಿನ ಮೇಲೇ ಬೀಳುತ್ತೆ, ಇಲ್ಲಿ ಚೀಲ ಕಂಬಳಿ ಎಲ್ಲ ಅದನ್ನ ಕುಡಿದು ಬಿಡ್ತವೆ. ಚಪ್ಪಾಳೆ ತಟ್ಟಿ ನೋಡಿದೆ, ಸತ್ತ ಹಾಗೆ ಕೇಳ್ತು. ಮಳೆ ಹೊಳವಾಗೋದನ್ನ ಕಾಯ್ತಾ ಕೂತ್ವಿ.

ಹೊಳವಾಯ್ತು. ಹೆಡ್‌ಫೋನ್ ಹಾಕಿದೆ. ಗುಂಯ್ ಅಂತ ಒಂದು ಸದ್ದು. ಮೊದಲು ಜೀರುಂಡೆ ಅಂದ್ಕೊಂಡೆ, ಆದ್ರೆ ಇದು ದಪ್ಪ ದನಿ, ಒಂದೇ ಸಮ, ಏರಿಳಿತ ಇಲ್ಲ. ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಅಂಗೈ ಇಟ್ರೆ ಜುಮ್ ಅಂತು. ಹಳೇ ಮನೆ, ಪ್ಲಗ್ಗಿಗೆ ಮೂರು ತೂತು ಇದೆ, ಆದ್ರೆ ಮೂರನೇ ತೂತಿನ ಹಿಂದೆ ಅರ್ಥಿಂಗ್ ವೈರೇ ಇಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗೋದು, ಅದು ಚಾರ್ಜರಿಂದ ಸೋರಿ ಮೈಕಿನ ತೆಳು ವೈರಿಗೆ ಸೇರ್ಕೊಂಡು 50, 100 ಹರ್ಟ್ಸಿನ ಗುಂಯ್‌ಗುಟ್ಟುವಿಕೆ ಆಗಿತ್ತು. ಆಮೇಲೆ ಸಾಫ್ಟ್‌ವೇರಲ್ಲಿ ತೆಗೆದ್ರಾಯ್ತು ಅನ್ನೋ ಹಾಗೂ ಇಲ್ಲ, ಗಂಡಸರ ದನಿಯ ಬುಡ ಕೂಡ ಹೆಚ್ಚುಕಮ್ಮಿ ಅಲ್ಲೇ ಇರೋದು, ಅದನ್ನ ಕೊಯ್ದ್ರೆ ಅಜ್ಜಯ್ಯನ ಎದೆಯ ದನಿಯೇ ಹೋಗುತ್ತೆ. ಚಾರ್ಜರ್ ಕೀಳೋಣ ಅಂತ ಕೈ ಹಾಕಿದೆ, ಅಷ್ಟರಲ್ಲಿ ಕರೆಂಟೇ ಹೋಯ್ತು.

ಆ ಕ್ಷಣ ಹೆಡ್‌ಫೋನಲ್ಲಿ ಕೇಳಿದ್ದನ್ನ ನಾನು ಮರೆಯಲ್ಲ. ಗುಂಯ್ ನಿಂತಿತು. ಕೆಳಗಡೆ ಫ್ರಿಡ್ಜು ಒಂದು ಸಲ ನಡುಗಿ ಸುಮ್ನಾಯ್ತು. ಅದರ ಹಿಂದೆ ಇಷ್ಟು ಹೊತ್ತು ಏನೇನು ಇತ್ತೋ ಅದೆಲ್ಲ ಒಂದೊಂದಾಗಿ ಎದ್ದು ಬಂತು, ಹಂಚಿನ ತುದಿಯಿಂದ ಬೀಳೋ ಹನಿ, ದೂರದ ತೋಟದಲ್ಲಿ ಕಪ್ಪೆ, ಅಜ್ಜಯ್ಯನ ಉಸಿರು, ಅವರ ಅಂಗಿ ಬಟ್ಟೆ ಮೈಕಿಗೆ ಸವರಿದ್ದು. ಅಂಗಿ ಸವರೋ ಸದ್ದು ಕೇಳಿ ನಾನು ಮೈಕನ್ನ ಒಂದಿಂಚು ಮೇಲೆ ತಂದು ವೈರನ್ನ ಸಣ್ಣಗೆ ಸುತ್ತಿ ಅಂಗಿಗೆ ಪಿನ್ ಹಾಕಿದೆ. ಜಗಲಿಯಲ್ಲಿ ಅವತ್ತು ಕಿವಿಗೆ ಹಾಕಿದ್ರೆ ಎಲ್ಲ ಗೊತ್ತಾಗ್ತಿತ್ತು.

ಕತ್ತಲಾಯ್ತು ಅಂತ ಅಜ್ಜಮ್ಮ ಕೆಳಗಿಂದ ದೀಪ ಹಚ್ಚಿ ತಂದು ಇಟ್ರು. ಅಲ್ಲಿವರೆಗೂ ಅಜ್ಜಯ್ಯಂಗೆ ಮನಸ್ಸೇ ಇರ್ಲಿಲ್ಲ, "ದೀಪಾವಳಿ ಪದವ ಮಳೆಗಾಲದಲ್ಲಿ ಹೆಂಗೆ ಹೇಳದು, ದೀಪ ಇಲ್ದೆ ದೀಪದ ಪದ ಬಾಯಿಗೆ ಬರದಿಲ್ಲ ತಮ್ಮಾ" ಅಂತಿದ್ರು. ದೀಪ ಎದುರಿಗೆ ಬಂದಿದ್ದೇ ಕೂತಲ್ಲೇ ಬೆನ್ನು ನೆಟ್ಟಗಾಯ್ತು. ನಾನು ಬೆರಳೆತ್ತಿದೆ. ಶುರು ಮಾಡಿದ್ರು.

ದನಿ ಎಷ್ಟು ಜೋರಿದೆ ಅಂತ ಪರದೆ ಮೇಲೆ ತೋರಿಸೋ ಲೆವೆಲ್ಲು ಮೈನಸ್ 12 ಡೆಸಿಬೆಲ್ಲಿನ ಹತ್ರ ಆಡ್ತಾ ಇತ್ತು, ಜೋರಾಗಿ ಎತ್ತಿದಾಗ ಮೈನಸ್ 6. ಅಷ್ಟು ಜಾಗ ಬಿಟ್ಟಿರಬೇಕು, ಸೊನ್ನೆ ಮುಟ್ಟಿದ್ರೆ ದನಿ ಒಡೆಯುತ್ತೆ, ಒಡೆದ ದನಿ ಮತ್ತೆ ಕೂಡಲ್ಲ. ಸೆಟ್ಟಿಂಗು 44,100 ಹರ್ಟ್ಸ್, 16 ಬಿಟ್, ಮೋನೋ, ದನಿಯನ್ನ ಹಿಂಡದೆ ಹಾಗೇ ಇಡೋ ವೇವ್ ಫೈಲು. ನಿಮಿಷಕ್ಕೆ ಐದು ಎಂಬಿ ಚಿಲ್ರೆ ಆಗುತ್ತೆ, ಒಂದು ಗಂಟೆಗೆ 317ರ ಹತ್ರ. ಇವತ್ತಿನ ಪೆನ್‌ಡ್ರೈವಿಗೆ ಅದೇನೂ ಭಾರ ಅಲ್ಲ, ಇಂಥದನ್ನ ಮೊದಲಿಗೇ ಎಂಪಿತ್ರೀ ಮಾಡಿ ಇಡ್ಬೇಡಿ ಅಂತ ಕೇಳ್ಕೊಳ್ತೀನಿ, ಒಂದ್ಸಲ ಹಿಂಡಿ ತೆಗೆದಿದ್ದು ವಾಪಸ್ ಬರಲ್ಲ.

ಎರಡು ಫೈಲು

ಹಾಗಂತ ಎರಡನೇ ಫೈಲು ಬಂದ ಮೇಲೆ ಮೊದಲನೇದನ್ನ ಅಳಿಸಬಹುದು ಅಂದ್ಕೊಂಡಿದ್ದೆ. ಆಗ್ಲಿಲ್ಲ.

ಎರಡನೇ ಸಲ ಜೊತೆಗಾರರು ಇರ್ಲಿಲ್ಲ. ಅವರನ್ನ ಮಗ ಬೆಂಗಳೂರಿಗೆ ಕರ್ಕೊಂಡು ಹೋಗಿದ್ದ. ಅಜ್ಜಯ್ಯ ಒಬ್ರೇ ಹೇಳಿದ್ರು, ತಾನೇ ಎತ್ತಿ ತಾನೇ ತಿರುಗಿಸಿ. ದನಿ ಕನ್ನಡಿಯ ಹಾಗೆ ಬಂದಿದೆ, ನಾಲಿಗೆ ಹಲ್ಲಿಗೆ ತಾಗೋದು ಕೂಡ ಕೇಳುತ್ತೆ. ಆದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದಾಗ ಗೊತ್ತಾಯ್ತು, ನಡುನಡುವೆ ಎಷ್ಟೋ ಸಾಲು ಬಿಟ್ಟುಹೋಗಿದೆ. ಒಂದು ಪದದಿಂದ ಇನ್ನೊಂದಕ್ಕೆ ದಾಟೋ ಕೊಂಡಿ ಸಾಲುಗಳು ಜೊತೆಗಾರರ ಬಾಯಲ್ಲಿ ಇದ್ದಿದ್ದು. ಅವರು ತಿರುಗಿ ಹೇಳುವಾಗ ಒಂದಕ್ಷರ ಬದಲಾಯಿಸ್ತಾರೆ, ಆ ಅಕ್ಷರ ಹಿಡ್ಕೊಂಡು ಅಜ್ಜಯ್ಯ ಮುಂದಿನದಕ್ಕೆ ಜಿಗೀತಾರೆ. ಆ ಅಕ್ಷರ ಇಲ್ದೆ ಅವರಿಗೆ ದಾರಿ ನೆನಪಾಗ್ಲಿಲ್ಲ. ಪೂರ್ತಿ ಪದ ಇರೋದು ಫ್ಯಾನಿನ ಸದ್ದು ತುಂಬಿದ ಆ 52 ನಿಮಿಷದಲ್ಲೇ.

ಹಂಗಾಗಿ ಈಗ ರಾತ್ರಿ ಕೆಲಸ ಮುಗಿಸಿ ಬಂದು ಕೂತು ಆ ಫೈಲಿಂದ ಸಾಲು ಬರ್ಕೊಳ್ತಾ ಇದೀನಿ. ಶುರುವಲ್ಲಿ ಯಾರೂ ಹಾಡದೆ ಬರೀ ಫ್ಯಾನ್ ಇರೋ ನಾಲ್ಕು ಸೆಕೆಂಡ್ ಸಿಕ್ಕಿದೆ, ಅದನ್ನ ಮಾದರಿ ಅಂತ ಕೊಟ್ರೆ ಆಡಾಸಿಟಿ ಉಳಿದಿದ್ದರಿಂದ ಆ ಸದ್ದನ್ನ ಸ್ವಲ್ಪ ಕಳೆಯುತ್ತೆ. ಜಾಸ್ತಿ ಕಳೆದ್ರೆ ದನಿ ನೀರೊಳಗಿಂದ ಬಂದ ಹಾಗೆ ಆಗುತ್ತೆ, ಸ್ವಲ್ಪವೇ ಕಳೀಬೇಕು. ಸ್ವರ ಎಲ್ಲ ಸಿಗುತ್ತೆ, ವ್ಯಂಜನ ಸಿಗಲ್ಲ. ಆ, ಓ, ಈ ಎಲ್ಲ ದೂರದಿಂದಲೂ ನಡ್ಕೊಂಡು ಬರ್ತವೆ, ತ, ಡ, ಗ ಇವೆಲ್ಲ ಕಣ್ಣು ಮಿಟುಕಿಸೋದರಲ್ಲಿ ಮುಗಿಯೋ ಸದ್ದು, ಗೋಡೆಯ ಮಾರ್ದನಿ, ಫ್ಯಾನು, ನನ್ನ ಕೀಬೋರ್ಡು ಎಲ್ಲ ಬಿದ್ದು ಅದನ್ನೇ ಮುಚ್ಚಿರೋದು. ಒಂದೊಂದು ಸಾಲಿಗೆ ಅರ್ಧ ಗಂಟೆ ಹೋಗುತ್ತೆ.

ಮೊನ್ನೆ 31ನೇ ನಿಮಿಷದಲ್ಲಿ ಸಿಕ್ಕಿಹಾಕ್ಕೊಂಡೆ. "ಸೊ" ಕೇಳುತ್ತೆ, ಕೊನೆಗೆ "ಉ" ಕೇಳುತ್ತೆ, ನಡುವೆ ನಾನು ಸ್ಪೇಸ್ ಬಾರ್ ಹತ್ರ ಎಂತದೋ ಒತ್ತಿದ ಟಕ್. ಸೊಗಡು ಅಂತ ಬರೆದು ನೋಡಿದೆ, ಅರ್ಥ ಕೂಡಲಿಲ್ಲ. ಎಂಟೂವರೆ ಆಗಿತ್ತು, ಅಜ್ಜಯ್ಯ ಊಟ ಮುಗಿಸಿರ್ತಾರೆ ಅಂತ ಫೋನ್ ಮಾಡಿ ಹಿಂದಿನ ಸಾಲು ಹೇಳಿ, ಇದಾದ ಮೇಲೆ ಎಂತ ಬರುತ್ತೆ ಅಜ್ಜಯ್ಯ ಅಂದೆ. ಗೊತ್ತಿಲ್ಲ ಮಾರಾಯ, ಅದು ಅವನದ್ದು ಅಂದ್ರು. ಆಮೇಲೆ, ಇರು ಅಂದು, ಆ ಕಡೆಯಿಂದ ಅವರು ಹಿಂದಿನ ಸಾಲನ್ನೇ ಮೆಲ್ಲಗೆ ಎತ್ತಿದ್ರು. ನಾನು ಈ ಕಡೆಯಿಂದ, ಕೇಳಿ ಕೇಳಿ ಬಾಯಿಗೆ ಬಂದಿತ್ತಲ್ಲ, ಜೊತೆಗಾರರ ಹಾಗೆ ಅದನ್ನ ತಿರುಗಿ ಹೇಳಿದೆ, ಸರಿಯಾಗಿ ಅಲ್ಲ, ಬಂದ ಹಾಗೆ. ಒಂದು ಉಸಿರಿನಷ್ಟು ಸುಮ್ನಿದ್ದು ಅಜ್ಜಯ್ಯ ಅಂದ್ರು, "ಸೊಡರು. ಸೊಡರು ಅಂತ ಬತ್ತದೆ ಅಲ್ಲಿ. ದೀಪಕ್ಕೆ ಹಂಗಂತಾರೆ. ಹೂಂ, ಮುಂದೆ ಹೇಳು."